ಕೇಳದೆ ಏಳುವ ಅಪ್ಲಿಕೇಶನ್ ಮಹಾಶಯರಿಗೆ

ಶ್ರೀಯುತ ಅಪ್ಲಿಕೇಶನ್ ಮಹಾಶಯರಲ್ಲಿ ರಾತ್ರಿ ಪಾಳಿಯವನ ವಿಜ್ಞಾಪನೆಗಳು.

ತಮ್ಮ ದಾಕ್ಷಿಣ್ಯ ಬಲು ದೊಡ್ಡದು. ಡೇಟಾಬೇಸಿನ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಯಾರೂ ಇಟ್ಟಿಲ್ಲ, ಪೇಮೆಂಟ್ ಗೇಟ್‌ವೇ ಕೀ ಇಲ್ಲ. ಆದರೂ ಕೇಳಿದರೆ ಯಾರಿಗೆ ಬೇಸರವಾದೀತೋ ಎಂದು ತುಟಿ ಪಿಟಕ್ಕೆನ್ನದೆ ಎದ್ದು ನಿಲ್ಲುತ್ತೀರಿ. ಹೆಲ್ತ್ ಚೆಕ್ ಬಂದು ವಿಚಾರಿಸಿದರೆ '200 ಓಕೆ'. ಡೆಪ್ಲಾಯ್ ಮಾಡಿದವರು ಹಸಿರು ಬಣ್ಣ ನೋಡಿ ಮನೆಗೆ ಹೋಗುತ್ತಾರೆ. ಮೊದಲ ಗ್ರಾಹಕ ದುಡ್ಡು ಕಟ್ಟಲು ಬಂದಾಗಲೇ ತಮಗೆ ಕೀ ನೆನಪಾಗುವುದು. ಗಟ್ಟಿಮೇಳ ಮೊಳಗಿದ ಮೇಲೆ ತಾಳಿ ಹುಡುಕುವ ಮನೆಯವರೂ ಇಷ್ಟು ನಿಶ್ಚಿಂತರಲ್ಲ.

ಸಿಗದಿದ್ದನ್ನು ಊಹಿಸಿಕೊಳ್ಳುವ ಪ್ರತಿಭೆಯೂ ತಮಗಿದೆ. ಡೇಟಾಬೇಸ್ ಎಲ್ಲಿದೆಯೋ ಗೊತ್ತಿಲ್ಲವೇ? ಲೋಕಲ್‌ಹೋಸ್ಟ್ ಇದೆಯಲ್ಲ! ಸೀಕ್ರೆಟ್ ಕೀ ಇಲ್ಲವೇ? 'ಚೇಂಜ್‌ಮಿ' ಸಾಕು! ನೋಡ್ ಜೆಎಸ್ ಮನೆತನದವರಂತೂ ಖಾಲಿ ಜಾಗಕ್ಕೆ 'ಅನ್‌ಡಿಫೈನ್ಡ್' ಎಂದು ಸೇರಿಸಿ, ಆ ಹೆಸರಿನ ಸರ್ವರ್ ಎಲ್ಲಿದೆಯೆಂದು ಜಾಲವಿಡೀ ಅಲೆಯುತ್ತೀರಿ. ಡೀಬಗ್ ಬೇಡವೆಂದು 'ಫಾಲ್ಸ್' ಬರೆದುಕೊಟ್ಟರೆ, ಖಾಲಿಯಲ್ಲದ ಸ್ಟ್ರಿಂಗ್ ಎಲ್ಲವೂ ಸತ್ಯವೇ ಎಂದು ಡೀಬಗ್ ಆನ್ ಮಾಡುತ್ತೀರಿ. ಹರಿಶ್ಚಂದ್ರ ನಾಚಬೇಕು.

ಬರಿದಾದ ವೇರಿಯಬಲ್ ಏನು ಮಾಡಬಲ್ಲದೆಂದು 2015ರಲ್ಲಿ ಲಿನಕ್ಸ್ ಮೇಲಿನ ಸ್ಟೀಮ್ ಗೇಮ್ ತಂತ್ರಾಂಶ ತೋರಿಸಿಕೊಟ್ಟಿತು. ಅದರ ಶೆಲ್ ಸ್ಕ್ರಿಪ್ಟಿನಲ್ಲಿ ಫೋಲ್ಡರ್ ಹೆಸರಿರಬೇಕಾದ ವೇರಿಯಬಲ್ ಖಾಲಿಯಾಗಿ, ಅಳಿಸುವ ಆದೇಶಕ್ಕೆ ಉಳಿದದ್ದು ಸ್ಲ್ಯಾಶ್, ಅದರ ಪಕ್ಕ ಒಂದು ನಕ್ಷತ್ರ. ಬಳಕೆದಾರನ ಕಡತಗಳು ಗುಡಿಸಿಹೋದವು. ಆ ಸಾಲಿನ ಬಳಿ 'ಸ್ಕೇರಿ!' ಎಂಬ ಕಾಮೆಂಟ್ ಕೂಡ ಇತ್ತು. ಬರೆದವರಿಗೆ ಭಯ ಇತ್ತು, ತಪಾಸಣೆ ಮಾತ್ರ ಇರಲಿಲ್ಲ.

ಕೇಳುವುದು ಕಷ್ಟವೇನಲ್ಲ. ಶೆಲ್‌ನಲ್ಲಿ ವೇರಿಯಬಲ್ ಹೆಸರಿನ ಬೆನ್ನಿಗೆ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಇಲ್ಲದಿದ್ದರೂ ಖಾಲಿಯಿದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಪೈಥಾನ್‌ನಲ್ಲಿ 'ಗೆಟ್‌ಎನ್ವ್' ಎಂದು ನಯವಾಗಿ ಕೇಳಿದರೆ 'ನನ್' ಎಂದು ನುಣುಚಿಕೊಳ್ಳುತ್ತದೆ. ಚೌಕ ಕಂಸದಲ್ಲಿ ಕೇಳಿದರೆ 'ಕೀಎರರ್' ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ನನಗಂತೂ ಆ ಒರಟುತನವೇ ಇಷ್ಟ.

ಆದಕಾರಣ, ಮೊದಲ ರಿಕ್ವೆಸ್ಟ್ ಮುಟ್ಟುವ ಮುಂಚೆ ಬೇಕಾದದ್ದನ್ನೆಲ್ಲ ಎಣಿಸಿ ನೋಡಿ. ಕೊರತೆಯಿದ್ದರೆ ಹೆಸರುಗಳನ್ನು ಒಟ್ಟಿಗೇ ಹೇಳಿ ಬಿದ್ದುಬಿಡಿ. ಒಂದನ್ನು ಕೊಟ್ಟ ಮೇಲೆ ಇನ್ನೊಂದೆಂದು ಕಂತಿನಲ್ಲಿ ಸಾಯಬೇಡಿ. ಡೆಪ್ಲಾಯ್ ಮಾಡಿದವರು ಇನ್ನೂ ಕುರ್ಚಿಯಲ್ಲಿರುವಾಗಲೇ ಸತ್ತರೆ ಸಂಸ್ಕಾರವೂ ಅವರ ಪಾಲಿಗೇ ಬರುತ್ತದೆ.

ಇತಿ ತಮ್ಮ ವಿಧೇಯ,
ನಿದ್ದೆಗೆಟ್ಟವನು

ವಿ.ಸೂ.: ದೋಷ ಸಂದೇಶದಲ್ಲಿ ಹೆಸರಷ್ಟೇ ಸಾಕು. ಇದ್ದ ಪಾಸ್‌ವರ್ಡುಗಳನ್ನೆಲ್ಲ ಲಾಗ್‌ನಲ್ಲಿ ಅಚ್ಚು ಹಾಕಿಸುವ ಔದಾರ್ಯ ಬೇಡ.