ಓಲೆಗೆ ತಕ್ಕ ಕಿವಿ

ಮನುಷ್ಯನ ಮೈಯಲ್ಲಿ ಸುಮ್ಮನೆ ಕೂತು ತಿನ್ನುವ ಅಂಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕಿವಿಯ ಹಾಲೆಯನ್ನು ತೋರಿಸುತ್ತೇನೆ. ಕೇಳುವ ಕೆಲಸದಲ್ಲಿ ಅದರ ಪಾಲು ಅಷ್ಟಕ್ಕಷ್ಟೆ. ಮೂಳೆಯಿಲ್ಲ, ಮೃದ್ವಸ್ಥಿಯೂ ಇಲ್ಲ. ಒಂದಿಷ್ಟು ಚರ್ಮ, ಒಂದಿಷ್ಟು ಕೊಬ್ಬು. ಹಿಂದಿನ ಕಾಲದ ಮೇಷ್ಟ್ರುಗಳಿಗೆ ಅದರ ಉಪಯೋಗ ಚೆನ್ನಾಗಿ ಗೊತ್ತಿತ್ತು. ಮಗ್ಗಿ ತಪ್ಪಿದವನ ಮಿದುಳಿಗೆ ದಾರಿ ಆ ತುದಿಯಿಂದಲೇ ಶುರು ಎಂದು ಅವರು ನಂಬಿದ್ದರು. ಅವರನ್ನು ಬಿಟ್ಟರೆ ಈ ಸೋಮಾರಿ ಚರ್ಮವನ್ನು ದುಡಿಸಿಕೊಂಡವರು ಅಕ್ಕಸಾಲಿಗರು. ಅದರಲ್ಲೂ ಚೀನಾದ ನೈಋತ್ಯ ಮೂಲೆಯ ಗುಯಿಝೌ ಪ್ರಾಂತ್ಯದಲ್ಲಿ ಮಿಯಾವೊ ಜನರು ಅದರಿಂದ ತೆಗೆಸಿದಷ್ಟು ಕೂಲಿ ಕೆಲಸವನ್ನು ಬೇರೆಯವರು ತೆಗೆಸಿದ್ದು ಕಡಿಮೆ.

ಮಿಯಾವೊ ಹೆಣ್ಣುಮಕ್ಕಳ ಹಬ್ಬದ ಸಿಂಗಾರದ ಚಿತ್ರ ನೋಡಿದವರಿಗೆ ಮೊದಲು ಕಾಣುವುದು ತಲೆಯ ಮೇಲಿನ ಬೆಳ್ಳಿಯ ಕೊಂಬು. ಲೇಶಾನ್ ಸೀಮೆಯಲ್ಲಿ ಅದು ಕೋಣದ ಕೊಂಬಿನ ಆಕಾರದಲ್ಲಿ ಎರಡು ಕಡೆಗೂ ಚಾಚಿಕೊಂಡು, ಬಾಗಿಲಲ್ಲಿ ನುಗ್ಗುವಾಗ ಪಕ್ಕಕ್ಕೆ ತಿರುಗಬೇಕಾದಷ್ಟು ಅಗಲವಿರುತ್ತದೆ. ಕೊರಳಲ್ಲಿ ಒಂದರ ಮೇಲೊಂದು ಕಡಗ, ಎದೆಯ ಮೇಲೆ ಫಲಕ, ಅಂಗಿಯ ತುಂಬ ಬೆಳ್ಳಿಯ ಬಿಲ್ಲೆ, ಅಂಚಿಗೆ ಗೆಜ್ಜೆ. ಪೂರ್ತಿ ಸಜ್ಜಾದರೆ ಹತ್ತು ಕಿಲೋ ದಾಟುತ್ತದೆ. ದೊಡ್ಡದಾಗಿರಬೇಕು, ಭಾರವಾಗಿರಬೇಕು, ಬಹಳವಾಗಿರಬೇಕು: ಅವರ ಸೌಂದರ್ಯಶಾಸ್ತ್ರವನ್ನು ಬರೆದವರೆಲ್ಲ ಎತ್ತಿ ಹೇಳುವ ಮೂರು ಸೂತ್ರ ಇವೇ. ನಾಜೂಕು ಎಂಬುದು ನಾಲ್ಕನೆಯದಾಗಿಯೂ ಬರುವುದಿಲ್ಲ.

ಈ ಗದ್ದಲದಲ್ಲಿ ಕಿವಿಯ ಓಲೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಆದರೆ ಕೊಂಬನ್ನು ಹಬ್ಬ ಮುಗಿದ ಮೇಲೆ ಇಳಿಸಿ ಪೆಟ್ಟಿಗೆಯಲ್ಲಿಡಬಹುದು. ಓಲೆಗಾಗಿ ಮಾಡಿಕೊಂಡ ಕಿವಿಯನ್ನು ಇಳಿಸಿಡುವುದು ಹೇಗೆ? ಗುಯಿಝೌದ ಆಗ್ನೇಯ ಭಾಗದ ಹಳ್ಳಿಗಳಲ್ಲಿ ಹುಡುಗಿಗೆ ಸಣ್ಣ ವಯಸ್ಸಿನಲ್ಲೇ ಕಿವಿ ಚುಚ್ಚಿ, ತೂತಿಗೆ ಒಂದು ತೆಳ್ಳಗಿನ ಕಡ್ಡಿ ಸಿಕ್ಕಿಸುತ್ತಿದ್ದರು. ಅದು ಸಡಿಲವಾದರೆ ಇನ್ನೊಂದು ಚೂರು ದಪ್ಪನೆಯದು. ಅದೂ ಸಡಿಲವಾದರೆ ಮತ್ತೊಂದು. ಹೀಗೆ ಹುಡುಗಿಯೂ ತೂತೂ ಒಟ್ಟಿಗೇ ಬೆಳೆದು, ಅವಳು ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಚಕ್ರದ ಆಕಾರದ, ಕೆಲವು ಕಡೆ ಡೋಲಿನ ಆಕಾರದ ಓಲೆ ಸರಾಗವಾಗಿ ಕೂರುವಂತಾಗುತ್ತಿತ್ತು. ಮುಂದಿನ ಕೆಲಸ ಓಲೆಯದೇ. ತನ್ನ ಭಾರದಿಂದ ಹಾಲೆಯನ್ನು ಕೆಳಕ್ಕೆಳೆಯುತ್ತ ಹೋಗುವುದು. ಒಂದೊಂದು ಓಲೆಯೇ 200 ಗ್ರಾಂವರೆಗೆ ತೂಗುತ್ತಿದ್ದುದುಂಟು. ಎರಡು ಕಿವಿಗೂ ಒಂದೊಂದು ಮೊಬೈಲ್ ಕಟ್ಟಿಕೊಂಡು ಓಡಾಡಿದ ಹಾಗೆ. ಭಾರ ತಾಳದೆ ಹಾಲೆ ಹರಿದುಕೊಂಡವರೂ ಇದ್ದರು. ಮೂಗಿಗಿಂತ ಮೂಗುತಿ ಭಾರ ಎಂದು ನಾವು ಬೇಸರದಲ್ಲಿ ಹೇಳುವ ಮಾತನ್ನು ಅಲ್ಲಿಯ ಅಜ್ಜಿಯರ ಮುಂದೆ ಹೇಳಿದ್ದರೆ, ಮೂಗುತಿ ಮತ್ತೆ ಹೇಗಿರಬೇಕು ಎಂದು ಅವರು ಕೇಳುತ್ತಿದ್ದರೇನೋ.

ಇಷ್ಟೊಂದು ಬೆಳ್ಳಿ ಬೆಟ್ಟದ ಬೇಸಾಯಗಾರರಿಗೆ ಎಲ್ಲಿಂದ ಬಂತು? ಮರ ಮಾರಿ ಬಂತು. ಮಿಂಗ್, ಚಿಂಗ್ ಅರಸರ ಕಾಲದಲ್ಲಿ ಅಲ್ಲಿಯ ಕಾಡಿನ ಫರ್ ಎಂದು ಕರೆಯುವ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಚಿಂಗ್‌ಶ್ವೇ ನದಿಯಲ್ಲಿ ತೇಲಿಬಿಡುತ್ತಿದ್ದರು. ಅವು ಹೂನಾನ್ ದಾಟಿ ಯಾಂಗ್‌ಟ್ಸಿ ಕಣಿವೆಯ ಪಟ್ಟಣಗಳ ಮನೆಗಳಿಗೆ ಕಂಬ ತೊಲೆಗಳಾಗುತ್ತಿದ್ದವು. ಮರ ನದಿಯಲ್ಲಿ ಇಳಿಯಿತು, ಬೆಳ್ಳಿ ಬೆಟ್ಟ ಹತ್ತಿತು. ಹತ್ತಿದ್ದು ಮತ್ತೆ ಇಳಿಯಲಿಲ್ಲ. ಬ್ಯಾಂಕಿಲ್ಲದ ಊರಲ್ಲಿ ಮಗಳ ಮೈಗಿಂತ ಭದ್ರವಾದ ಖಜಾನೆ ಯಾವುದಿದೆ? ನಾಣ್ಯ ಕೈಗೆ ಬಂದ ಕೂಡಲೆ ಕರಗಿಸುವುದೇ ಪದ್ಧತಿಯಾಯಿತು. ಯಾವ ಸೀಮೆಗೆ ಯಾವ ನಾಣ್ಯ ಬರುತ್ತಿತ್ತೋ ಅದರ ಮೇಲೆ ಅಲ್ಲಿಯ ಒಡವೆಯ ಅಪ್ಪಟತನ ನಿಂತಿತ್ತು.

1914ರಿಂದ ಚೀನಾದಲ್ಲಿ ಯುವಾನ್ ಶಿಕಾಯ್ ಎಂಬ ಅಧ್ಯಕ್ಷನ ಮುಖವಿದ್ದ ಬೆಳ್ಳಿ ನಾಣ್ಯ ಟಂಕಿಸಲಾಯಿತು. ದಪ್ಪ ತಲೆಯ ಮನುಷ್ಯ. ಜನ ಆ ನಾಣ್ಯವನ್ನು ಕರೆಯುತ್ತಿದ್ದುದೂ ದಪ್ಪತಲೆ ಎಂದೇ. 1915ರ ಕೊನೆಯಲ್ಲಿ ಆತ ತಾನೇ ಚಕ್ರವರ್ತಿ ಎಂದು ಘೋಷಿಸಿಕೊಂಡ. ನಾಲ್ಕು ತಿಂಗಳು ಕಳೆಯುವುದರೊಳಗೆ ಆ ಆಸೆ ಬಿಡಬೇಕಾಯಿತು, 1916ರ ಜೂನ್‌ನಲ್ಲಿ ಸತ್ತೂ ಹೋದ. ಅವನ ಬೆಳ್ಳಿ ಮುಖಗಳು ಗುಯಿಝೌದ ಕುಲುಮೆಗಳಲ್ಲಿ ಕರಗಿ ಹೆಂಗಸರ ಕಿವಿಗಳಲ್ಲಿ ಜೋತಾಡಿದವು. ಕಿರೀಟ ಬೇಕೆಂದವನಿಗೆ ಇತಿಹಾಸ ಲೋಲಕದ ಕೆಲಸ ಕೊಟ್ಟಿತು. ಈ ಲೆಕ್ಕದಲ್ಲಿ ನಮ್ಮ ದೇಶದ ಪಾಲೂ ಒಂದಿಷ್ಟಿದೆ. ಮಿಯಾವೊ ಬಳಗದವರೇ ಆದ ಹ್ಮೊಂಗ್ ಜನ ದಕ್ಷಿಣಕ್ಕೆ ಇಳಿದು ಲಾವೋಸ್, ಥಾಯ್ಲೆಂಡ್ ಬೆಟ್ಟಗಳಲ್ಲಿ ನೆಲೆಸಿದಾಗ, ಫ್ರೆಂಚರ ನಾಣ್ಯದ ಜೊತೆಗೆ ಬರ್ಮಾ ದಾರಿಯಾಗಿ ಬಂದ ಬ್ರಿಟಿಷ್ ಇಂಡಿಯಾದ ರೂಪಾಯಿಗಳನ್ನೂ ಒಡವೆಗೆ ಬಳಸಿಕೊಂಡರು. ನಮ್ಮಲ್ಲಿ ಲಂಬಾಣಿ ಹೆಂಗಸರ ಕೊರಳಿಗೆ ಏರಿದ, ಆ ರೂಪಾಯಿಯ ಮೇಲಿನ ರಾಣಿಯೇ ಅಲ್ಲಿಗೂ ನಡೆದಿದ್ದಾಳೆ.

ನನಗೆ ಹೆಚ್ಚು ಸಂತೋಷ ಕೊಡುವುದು ಮಾತ್ರ ಬೆಳ್ಳಿಗೆ ಅಲ್ಲಿ ಸಿಕ್ಕಿರುವ ಬಡ್ತಿ. ನಮ್ಮಲ್ಲಿ ಸಾಮಾನ್ಯವಾಗಿ ಬೆಳ್ಳಿಯ ಸ್ಥಾನ ಸೊಂಟದಿಂದ ಕೆಳಗೆ: ಉಡಿದಾರ, ಗೆಜ್ಜೆ, ಕಾಲುಂಗುರ. ಚಿನ್ನ ಲಕ್ಷ್ಮಿಯಾದ್ದರಿಂದ ಕಾಲಿಗೆ ತಾಗುವಂತಿಲ್ಲ. ಬೆಳ್ಳಿ ಪಾಪ ಯಾರೂ ಅಲ್ಲವಾದ್ದರಿಂದ ಕೆಸರು ತುಳಿಯಬಹುದು. ಮಿಯಾವೊ ಊರಲ್ಲಿ ಅದೇ ಬೆಳ್ಳಿ ಕಾಲ ಬೆರಳಿನಿಂದ ಎದ್ದು ನೆತ್ತಿಯ ಮೇಲೆ ಕೂತಿದೆ, ದುಷ್ಟಶಕ್ತಿಗಳನ್ನು ಓಡಿಸುವ ಅಧಿಕಾರವನ್ನೂ ಪಡೆದಿದೆ. ಇನ್ನೊಂದು ಅನುಕೂಲವೂ ಇದೆ. ಬೆಳ್ಳಿಯ ಸಾಂದ್ರತೆ ಚಿನ್ನದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅಷ್ಟೇ ತೂಕಕ್ಕೆ ಹೆಚ್ಚುಕಡಿಮೆ ಇಮ್ಮಡಿ ಗಾತ್ರದ ಒಡವೆ. ದೊಡ್ಡದೇ ಚೆಂದ ಎನ್ನುವವರಿಗೆ ಇನ್ನೇನು ಬೇಕು?

ಈ ಒಡವೆಗಳನ್ನೆಲ್ಲ ಮಾಡುತ್ತಿದ್ದವರು ಹೆಚ್ಚಾಗಿ ಗಂಡಸರು. ಲೇಶಾನ್‌ನ ಕೊಂಗ್‌ಬಾಯ್ ಹಳ್ಳಿಯಲ್ಲಿ ಮನೆಮನೆಗೂ ಅಕ್ಕಸಾಲಿಗರಿದ್ದರು. ಒಂದೇ ಊರಲ್ಲಿ ಅಷ್ಟು ಜನಕ್ಕೆ ಕೆಲಸವೆಲ್ಲಿ? ಹೊಲದ ಕೆಲಸ ಮುಗಿದ ಮೇಲೆ ಸುತ್ತಿಗೆ, ಅಚ್ಚು, ತಿದಿ ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಬೆಳ್ಳಿ ಕರಗಿಸಿ, ಬಡಿದು ತಗಡು ಮಾಡಿ, ಎಳೆದು ಕೂದಲೆಳೆಯಂಥ ತಂತಿ ಮಾಡಿ, ಹೆಣೆದು, ಬೆಸೆದು, ಕೊನೆಗೆ ಪಟಿಕದ ನೀರಲ್ಲಿ ಕಾಯಿಸಿ ಬೆಳಗುವುದು. ಓಲೆಯ ಮೇಲೆ ಬರುವ ಚಿಟ್ಟೆ ಬರೀ ಅಂದಕ್ಕಲ್ಲ. ಅವರ ಪುರಾಣದಲ್ಲಿ ಮೇಪಲ್ ಮರದಿಂದ ಹುಟ್ಟಿದ ತಾಯಿ ಚಿಟ್ಟೆ ಹನ್ನೆರಡು ಮೊಟ್ಟೆ ಇಟ್ಟಳು. ಅವುಗಳಿಂದ ಮನುಷ್ಯ, ಡ್ರ್ಯಾಗನ್, ಹುಲಿ, ಕೋಣ, ಗುಡುಗು ಎಲ್ಲ ಹೊರಬಂದವು. ಗುಡುಗಿಗೂ ನಮಗೂ ತಾಯಿ ಒಬ್ಬಳೇ ಎಂದ ಮೇಲೆ ಆಕೆಯನ್ನು ಕಿವಿಯಲ್ಲಿಟ್ಟುಕೊಳ್ಳುವುದು ಸರಿಯೇ. ಈ ಕುಸುರಿಯನ್ನು ಚೀನಾ ಸರ್ಕಾರ 2006ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೇ ಸೇರಿಸಿತು.

ನಾವೇನು ಈ ವಿದ್ಯೆಗೆ ಹೊಸಬರಲ್ಲ. ಬೇಲೂರಿನ ಶಿಲಾಬಾಲಿಕೆಯರ ಕಿವಿಯಲ್ಲಿರುವ ಬಟ್ಟಲಿನಗಲದ ಓಲೆಗಳನ್ನು ನೋಡಿ. ಕಲ್ಲಾದ್ದರಿಂದ ಕಿವಿ ಹರಿದಿಲ್ಲ, ಅಷ್ಟೆ. ಶ್ರವಣಬೆಳಗೊಳದ ಗೊಮ್ಮಟ ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ. ಇಳಿಬಿದ್ದ ಉದ್ದ ಕಿವಿಯನ್ನು ಮಾತ್ರ ಉಳಿಸಿಕೊಂಡು ನಿಂತಿದ್ದಾನೆ. ಮಧುರೆ, ತಿರುನೆಲ್ವೇಲಿ ಕಡೆಯ ಮುದುಕಿಯರ ಪಾಂಬಡ ಎಂಬ ಓಲೆಗಳಂತೂ ಹೆಗಲಿಗೇ ತಾಗುತ್ತಿದ್ದವು. ನಮ್ಮಜ್ಜಿಯ ಕಿವಿಯ ತೂತಿನಲ್ಲಿ ಮೊಮ್ಮಕ್ಕಳ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಬರಗಾಲದ ವರ್ಷ ಬೆಂಡೋಲೆ ಗಿರವಿಗೆ ಹೋದರೆ ಅಜ್ಜಿ ಆ ಜಾಗಕ್ಕೆ ತಾಳೆಗರಿಯ ಸುರುಳಿ ತುರುಕಿಕೊಳ್ಳುತ್ತಿದ್ದರು. “ಚಿನ್ನ ಹೋದ್ರೆ ಬಿಡಿಸ್ಕೋಬೋದು ಮಗಾ, ತೂತು ಮುಚ್ಚಿದ್ರೆ ಯಾವ ಸೇಟು ಕೊಡ್ತಾನೆ?” ಆ ಸುರುಳಿಯಲ್ಲಿದ್ದ ಆತ್ಮವಿಶ್ವಾಸ ನನಗೆ ಬೇರೆ ಯಾವ ಒಡವೆಯಲ್ಲೂ ಕಂಡಿಲ್ಲ. ಮುಂದಿನ ತಲೆಮಾರಿನವರಿಗೆ ಅಂಥ ಕಿವಿ ನಾಚಿಕೆಯಾಯಿತು. ಈಗ ಊರೂರ ಆಸ್ಪತ್ರೆಗಳಲ್ಲಿ ಮರಗಟ್ಟಿಸುವ ಸೂಜಿ ಕೊಟ್ಟು ಅರ್ಧ ಗಂಟೆಯಲ್ಲಿ ಹಾಲೆ ಹೊಲಿದು ಕಳಿಸುತ್ತಾರೆ.

ಗುಯಿಝೌದಲ್ಲೂ ಗಾಳಿ ತಿರುಗಿದೆ. ಮೂರನೆಯ ಚಾಂದ್ರಮಾಸದ ಹುಣ್ಣಿಮೆಗೆ ಶಿದೊಂಗ್ ಊರಲ್ಲಿ ನಡೆಯುವ ಸೋದರಿಯರ ಊಟದ ಹಬ್ಬಕ್ಕೆ, ಬಣ್ಣಬಣ್ಣದ ಅಂಟಕ್ಕಿ ಅನ್ನದ ಜೊತೆಗೆ, ಹುಡುಗಿಯರು ಇಂದಿಗೂ ಪೂರ್ತಿ ಬೆಳ್ಳಿಯಲ್ಲಿ ಬರುತ್ತಾರೆ. ಹಿಂದೆ ಅಮ್ಮಂದಿರು ಜಾರಿದ್ದನ್ನು ಸರಿಪಡಿಸುತ್ತ ನಡೆಯುತ್ತಾರೆ. ಆದರೆ ಅದರಲ್ಲಿ ಎಷ್ಟೋ ಈಗ ಬೆಳ್ಳಿಯಲ್ಲ, ತಾಮ್ರಕ್ಕೆ ನಿಕಲ್ ಬೆರೆಸಿದ ಬಿಳಿಲೋಹ. ಕಾಲೇಜಿಗೆ, ಕರಾವಳಿಯ ಕಾರ್ಖಾನೆಗೆ ಹೋಗುವ ಹುಡುಗಿಗೆ ಸೂಜಿತೂತು ಸಾಕು. ಹಾಗಾಗಿ ಅಜ್ಜಿಯ ಓಲೆ ಇದೆ, ಮೊಮ್ಮಗಳ ಕಿವಿ ಇದೆ, ಎರಡೂ ಒಂದಕ್ಕೊಂದು ಕೂಡುವುದಿಲ್ಲ. ತಮಾಷೆಯೆಂದರೆ ಅದೇ ಹೊತ್ತಿಗೆ ಯೂರೋಪು, ಅಮೆರಿಕದಲ್ಲಿ, ಈಗೀಗ ನಮ್ಮ ಬೆಂಗಳೂರಿನಲ್ಲೂ, ಮಿಯಾವೊ ಹೆಸರೇ ಕೇಳದ ಹುಡುಗರು ಮಿಲಿಮೀಟರ್ ಲೆಕ್ಕದಲ್ಲಿ ಕಡ್ಡಿ ದಪ್ಪ ಮಾಡುತ್ತ ಹಾಲೆ ಹಿಗ್ಗಿಸಿಕೊಳ್ಳುತ್ತಿದ್ದಾರೆ. ಅವರ ಬಳಿ ಕಿವಿ ಇದೆ, ಓಲೆ ಇಲ್ಲ. ಹಳೆಯ ಮಿಯಾವೊ ಓಲೆಗಳು ಇಂಥವರ ಕಿವಿ ಸೇರುವುದನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ನಾನು ಮುರಿಯಲಾರೆ. ಗಾಜಿನ ಕಪಾಟಿಗೆ ಕಿವಿಯಿಲ್ಲ. ಆದರೆ ಆ ಓಲೆ ಯಾರ ಮಗಳಿಗಾಗಿ ಯಾವ ಸೀಮೆಯಲ್ಲಿ ಬಡಿದದ್ದು ಎಂದು ಕೇಳದೆ, ‘ಟ್ರೈಬಲ್ ಸಿಲ್ವರ್’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುವ ವ್ಯಾಪಾರಿಯ ಬಗ್ಗೆ ನನಗೆ ಅಷ್ಟು ಉದಾರತೆ ಇಲ್ಲ.

ನಿಮ್ಮ ಕೈಗೇ ಒಂದು ಜೊತೆ ಸಿಕ್ಕಿದರೆ ಕನ್ನಡಿಯ ಮುಂದೆ ಓಡಬೇಡಿ. ಮೊದಲು ಬೆಳ್ಳಿಯೋ ಬಿಳಿಲೋಹವೋ ತಿಳಿದುಕೊಳ್ಳಿ. ನಿಕಲ್ ಒಗ್ಗದ ಕಿವಿಗಳು ಬಹಳ. ಕಿವಿಗೆ ಸೇರುವ ಕಡ್ಡಿ ಎಷ್ಟು ದಪ್ಪ ನೋಡಿ, ಒಂದರ ತೂಕ ಎಷ್ಟು ನೋಡಿ. ಸೂಜಿತೂತಿಗೆ ಅದನ್ನು ಬಲವಂತವಾಗಿ ನುಗ್ಗಿಸಬೇಡಿ, ತಂತಿ ಕಟ್ಟಿ ನೇತುಹಾಕಲೂಬೇಡಿ, ತೆಳು ತಂತಿ ಭಾರಕ್ಕೆ ಚಾಕುವಿನಂತೆ ಕೊಯ್ಯುತ್ತದೆ. ಹಿಗ್ಗಿಸಲೇಬೇಕೆಂದಿದ್ದರೆ ಪ್ರತಿ ಹೆಜ್ಜೆಗೂ ತಿಂಗಳುಗಟ್ಟಲೆ ಬಿಡುವು ಕೊಡಿ. ನೋವು, ರಕ್ತ ಕಂಡರೆ ನಿಲ್ಲಿಸಿ. ಕೆಲವು ಮಿಲಿಮೀಟರ್‌ವರೆಗಿನ ತೂತು ಬಿಟ್ಟರೆ ಕುಗ್ಗಬಹುದು. ಒಂದು ಸೆಂಟಿಮೀಟರ್ ದಾಟಿತೆಂದರೆ ಅದನ್ನು ಮತ್ತೆ ಚಿಕ್ಕದು ಮಾಡಲು ಬಹಳಷ್ಟು ಸಲ ಹೊಲಿಗೆಯೇ ಬೇಕಾಗುತ್ತದೆ.