ಅತ್ತೆ, ನಾನು ಮತ್ತು 4,428 ಎಕರೆ

ಊರಿಂದ ಅತ್ತೆ ಬಂದಿಳಿದರೆ ಸಾಕು, ಅಮೆರಿಕದ ಅಳಿಯನಿಗೆ ಒಂದು ಹುಚ್ಚು ಹಿಡಿಯುತ್ತದೆ: ಈ ದೇಶವನ್ನು ತಾನೇ ಮುಂದೆ ನಿಂತು ಕಟ್ಟಿಸಿದ ಗತ್ತಿನಲ್ಲಿ ಅವರಿಗೆಲ್ಲ ತೋರಿಸಬೇಕು. ನಿಮ್ಮ ಮನೆಯಲ್ಲೂ ಇದೇ ಕಥೆ ತಾನೆ? ನಾಚಿಕೊಳ್ಳಬೇಡಿ.

ಹ್ಯೂಸ್ಟನ್ನಿನ ನಾಸಾಗೆ ಕರೆದುಕೊಂಡು ಹೋದೆ. ಅಷ್ಟುದ್ದದ ಸ್ಯಾಟರ್ನ್ ರಾಕೆಟ್ಟನ್ನು ಅಡ್ಡಡ್ಡ ಮಲಗಿಸಿಟ್ಟಿದ್ದು ನೋಡಿ ಅತ್ತೆ, "ಕೆಟ್ಟು ನಿಂತಿದೆಯಾ?" ಅಂದರು. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ ಹಿಡಿಸಿತು. ಅದರ ಕೀರ್ತಿ ಮೀನಾಕ್ಷಿಗೇ ಹೋಯಿತು, ನನಗೆ ಬರಲಿಲ್ಲ. ಹಿಲ್‌ಕ್ರಾಫ್ಟ್ ರಸ್ತೆಯ ಸುತ್ತಮುತ್ತಲಿಗೆ 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತ ಹೆಸರಿಟ್ಟಿದ್ದನ್ನು ಹೆಮ್ಮೆಯಿಂದ ಹೇಳಿದೆ. ಎರಡೂ ಕಡೆಯ ಚಿನ್ನದಂಗಡಿ, ಸೀರೆಯಂಗಡಿ ನೋಡಿ ಅವರು, "ಪಾಪ, ಗಾಂಧೀಜಿ" ಅಂದು ಒಳಗೆ ಹೋದರು. ಬಿಲ್ಲು ನಾನು ಕೊಟ್ಟೆ.

ಉಳಿದದ್ದು ಇತಿಹಾಸ. ಹ್ಯೂಸ್ಟನ್‌ನಿಂದ ನೈಋತ್ಯಕ್ಕೆ, ರಿಚ್ಮಂಡ್ ಊರಿನ ಹತ್ತಿರ ಜಾರ್ಜ್ ರಾಂಚ್ ಹಿಸ್ಟಾರಿಕಲ್ ಪಾರ್ಕ್ ಇದೆ. ಗಾಜಿನ ಪೆಟ್ಟಿಗೆಯ ಮ್ಯೂಸಿಯಂ ಅಲ್ಲ. ಹಳೇ ಕಾಲದ ಬಟ್ಟೆ ತೊಟ್ಟವರು ಒಲೆ ಹಚ್ಚಿ, ದನ ನೋಡಿಕೊಂಡು, ಬದುಕಿಯೇ ತೋರಿಸುತ್ತಾರೆ. ಒಂದೇ ಮನೆತನದ ನಾಲ್ಕು ತಲೆಮಾರು, 1830ರಿಂದ 1930ರ ದಶಕದವರೆಗೆ. ಗೈಡು ನಾನೇ ಅಂತ ಘೋಷಿಸಿದೆ. ರಾತ್ರಿಯೆಲ್ಲ ಓದಿದೆ. ಸಾಲದ್ದಕ್ಕೆ ಒಂದು ಕೌಬಾಯ್ ಟೋಪಿ, ಎತ್ತರದ ಬೂಟು ಕೊಂಡೆ. ಕನ್ನಡಿ ಮುಂದೆ ನಿಂತಾಗ ಚೆನ್ನಾಗಿಯೇ ಕಂಡೆ. ಹೆಂಡತಿ ನೋಡಿ, "ರೀ, ಕಾರು ತೆಗೀರಿ" ಅಂದಳು, ಅಷ್ಟೇ.

ಆ ಮನೆತನದ ಮೊದಲ ತಲೆಮಾರಿನ ಹೆನ್ರಿ ಜೋನ್ಸನ ಮರದ ಮನೆಯ ಮುಂದೆ ಗಂಟಲು ಸರಿಮಾಡಿಕೊಂಡೆ. "ಸ್ಟೀಫನ್ ಆಸ್ಟಿನ್ ಅಂತ ಒಬ್ಬ ಮಹಾಪುರುಷ. 'ಓಲ್ಡ್ ತ್ರೀ ಹಂಡ್ರೆಡ್' ಅಂತ ಮುನ್ನೂರು ಕುಟುಂಬಗಳನ್ನ ಕರ್ಕೊಂಡು ಬಂದು ಇಲ್ಲಿ ಅಮೆರಿಕಾನ..."

"ಅಪ್ಪಾ," ಅಂದಳು ಏಳನೇ ಕ್ಲಾಸಿನ ಮಗಳು. ಟೆಕ್ಸಾಸಿನಲ್ಲಿ ಏಳನೇ ಕ್ಲಾಸಿಗೆ ಟೆಕ್ಸಾಸ್ ಇತಿಹಾಸವೇ ಒಂದು ಪಾಠ ಅನ್ನುವುದು ನನ್ನ ತಯಾರಿಯಲ್ಲಿ ಬಿಟ್ಟುಹೋಗಿತ್ತು. "ಆಗ ಇದು ಅಮೆರಿಕಾನೇ ಅಲ್ಲ, ಮೆಕ್ಸಿಕೋ. ಇವರೆಲ್ಲ ಇಮಿಗ್ರೆಂಟ್ಸ್. ಮೆಕ್ಸಿಕೋ ಸರ್ಕಾರ 1824ರಲ್ಲಿ ಜೋನ್ಸ್‌ಗೆ ಒಂದು ಲೀಗ್ ಜಮೀನು ಕೊಡ್ತು, 4,428 ಎಕರೆ. ಆಮೇಲೆ ಜಾಸ್ತಿ ಜನ ಬರ್ತಿದಾರೆ ಅಂತ 1830ರಲ್ಲಿ ಬರೋದನ್ನೇ ಬ್ಯಾನ್ ಮಾಡಿದ್ರು. ಅಂದಹಾಗೆ, ಈ ಹೊಲದಲ್ಲಿ ಗುಲಾಮರನ್ನ ದುಡಿಸ್ತಿದ್ರು ಅನ್ನೋದು ನೀನು ಹೇಳ್ಲೇ ಇಲ್ಲ."

ಹೇಳಿರಲಿಲ್ಲ. ಮಹಾಪುರುಷರ ಕಥೆಯಲ್ಲಿ ಅದು ಎಲ್ಲಿ ಕೂರುತ್ತದೋ ಗೊತ್ತಾಗದೆ ಹಾರಿಸಿದ್ದೆ. ಮಗಳು ಹಾರಿಸಲಿಲ್ಲ.

ಅತ್ತೆಯ ಲೆಕ್ಕ ಬೇರೆ ಕಡೆ ಓಡುತ್ತಿತ್ತು. "ಅಲ್ಲ ಅಳಿಯಂದ್ರೇ, ಹೊರಗಿಂದ ಬಂದವರಿಗೆ ನಾಲ್ಕು ಸಾವಿರ ಎಕರೆ ಕೊಟ್ಟುಬಿಟ್ರಾ? ನಿಮಗೆ ಇಷ್ಟು ವರ್ಷ ಆದ್ರೂ ಆ ಹಸಿರು ಕಾರ್ಡೇ ಬಂದಿಲ್ವಲ್ಲ!"

ಬೂಟು ಕಚ್ಚತೊಡಗಿದ್ದು ಸುಮಾರು ಅದೇ ಹೊತ್ತಿಗೆ.

ಮಾತು ತಿರುಗಿಸಲು ಒಂದು ಚಟಾಕಿ ಹಾರಿಸಿದೆ: "ಆಸ್ಟಿನ್ ಕೊನೆವರೆಗೂ ಮದುವೆಯಾಗಲಿಲ್ಲ, ಗೊತ್ತಾ? ಅದಕ್ಕೇ ಅಷ್ಟೆಲ್ಲ ಸಾಧಿಸಿದ." ಹೆಂಡತಿ ಉತ್ತರ ಕೊಡಲಿಲ್ಲ. ಒಳಗೆ ಬಾನೆಟ್ ಕಟ್ಟಿಕೊಂಡಿದ್ದ ಹೆಂಗಸಿನ ಹತ್ತಿರ ಅದೇನೋ ವಿಚಾರಿಸಿಕೊಂಡು ನಗುತ್ತಾ ಬಂದಳು. "ರೀ, 1825ರ ಕಾನೂನು ಕೇಳಿ. ಸಂಸಾರಸ್ಥನಿಗೆ ಪೂರ್ತಿ ಲೀಗು, ಬ್ರಹ್ಮಚಾರಿಗೆ ಕಾಲು ಭಾಗ. ಅಂದ್ರೆ ನಿಮ್ಮ ಮುಕ್ಕಾಲು ಆಸ್ತಿ ನಾನು."

ಮರ್ಯಾದೆ ಉಳಿಸಿಕೊಳ್ಳಲು ಒಂದೇ ದಾರಿ ಕಂಡಿತು, ಶ್ರಮದಾನ. ಆ ಕಾಲದ ವಲಸಿಗರಿಗೆ ಮುಸುಕಿನ ಜೋಳವೇ ಮೂರು ಹೊತ್ತಿನ ಊಟ. ಅದನ್ನು ಬೀಸುವ ಕೈಯಂತ್ರವೊಂದು ಅಲ್ಲಿತ್ತು. "ಯಾರಾದರೂ ಪ್ರಯತ್ನಿಸ್ತೀರಾ?" ಅಂದ ತಕ್ಷಣ ಮುಂದೆ ಹೋದೆ. ಮೊದಲೆರಡು ಸುತ್ತು ರಾಜಗಾಂಭೀರ್ಯ. ಮೂರನೆಯದಕ್ಕೆ ಹಿಡಿ ಅಲುಗಲಿಲ್ಲ. ನಾಲ್ಕನೆಯದಕ್ಕೆ ನಾನು ಅಲುಗಿದೆ, ಟೋಪಿ ಹಿಟ್ಟಿನ ಪಾತ್ರೆಗೆ ಬಿತ್ತು. ನನ್ನ ಹಿಂದೆ ಸಾಲಿನಲ್ಲಿದ್ದ ಪುಟ್ಟ ಹುಡುಗ ಸಹಾನುಭೂತಿಯಿಂದ ನನ್ನ ಮುಖ ನೋಡಿದ.

"ಸರೀರಿ," ಅಂದರು ಅತ್ತೆ. ಅರಸೀಕೆರೆ ಕಡೆಯ ರಾಗಿ ಬೀಸಿದ ತೋಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕಾಳು ಹಾಕುತ್ತಾ ಇನ್ನೊಂದರಲ್ಲಿ ತಿರುಗಿಸಿದರೆ ಹಿಟ್ಟು ಸುರಿಯತೊಡಗಿತು. ಜನ ಸೇರಿದರು. ಕ್ಯಾಮೆರಾಗಳು ಎದ್ದವು. ಒಬ್ಬಾಕೆ ಮಗಳನ್ನು ಕೇಳಿದಳು, "ಇವರು ಯಾವ ದಶಕದ ಮನೆಯವರು?" ನೂಲಿನ ಸೀರೆಯ ಅತ್ತೆಯನ್ನು ಅಲ್ಲಿಯ ಸಿಬ್ಬಂದಿ ಅಂದುಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ವಿನಯದಿಂದ, ಸ್ವಲ್ಪ ಪಕ್ಕಕ್ಕೆ ಸರಿಯಲು ಸಾಧ್ಯವೇ, ಫೋಟೋಗೆ ಅಡ್ಡ ಬರುತ್ತಿದ್ದೀರಿ ಅಂದಳು.

ಒಲೆಯ ಹತ್ತಿರ ಭಾಷೆಯೂ ಬೇಕಾಗಲಿಲ್ಲ. ದಪ್ಪ ಎರಕದ ಕಬ್ಬಿಣದ ಪಾತ್ರೆ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ, ನಡುವೆ ಜೋಳದ ರೊಟ್ಟಿ. ಒಂದು ಕಡೆ ಅತ್ತೆ, ಇನ್ನೊಂದು ಕಡೆ ಹೆಂಡತಿ, ಮಧ್ಯೆ ನಿಂತಿದ್ದ ನನಗೆ ಆ ರೊಟ್ಟಿ ಬಹಳ ಹತ್ತಿರದ ನೆಂಟನಾಗಿ ಕಂಡಿತು. ಬಾನೆಟ್ಟಿನ ಹೆಂಗಸು ಇಂಗ್ಲಿಷಿನಲ್ಲಿ, ಅತ್ತೆ ಕನ್ನಡದಲ್ಲಿ, ಕೆಂಡ ಎಷ್ಟಿರಬೇಕು ಅಂತ ಚರ್ಚಿಸಿ ಒಮ್ಮತಕ್ಕೆ ಬಂದರು. ನಾನು ಅನುವಾದಕ್ಕೆ ಬಾಯಿ ತೆರೆದರೆ ಇಬ್ಬರೂ ಕೈ ಅಡ್ಡ ಹಿಡಿದರು.

ಬೂಟು ಕೈಯಲ್ಲಿ ಹಿಡಿದು, ಬರೀ ಸಾಕ್ಸಿನಲ್ಲಿ ಕಾರಿಗೆ ನಡೆದೆ. ಆ ಪಾರ್ಕು ಎಷ್ಟು ವಿಶಾಲ ಅನ್ನುವುದನ್ನು ಈ ರೀತಿ ಅಳೆದವರು ಕಡಿಮೆ.

ಅಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಅಂಥದೇ ಪಾತ್ರೆಯೊಂದನ್ನು ಹೆಂಡತಿ ಆನ್‌ಲೈನಿನಲ್ಲಿ ತರಿಸಿದಳು. ನಮ್ಮ ಹಿತ್ತಿಲಿನಲ್ಲಿ ಮೂರು ಇಟ್ಟಿಗೆ, ಸೌದೆ, ರಾಗಿ ರೊಟ್ಟಿ. ಊದುವ ಕೆಲಸ ಗೈಡಿಗೆ. ಹೊಗೆ ಪಕ್ಕದ ಬೀದಿಯವರೆಗೂ ಸುದ್ದಿ ಮುಟ್ಟಿಸಿತು. ಕೆಲವೇ ದಿನದಲ್ಲಿ ಮನೆ ಮಾಲೀಕರ ಸಂಘದಿಂದ ಪತ್ರ: ಬಡಾವಣೆಯ ನಿಯಮ, ತೆರೆದ ಬೆಂಕಿ, ಖುದ್ದಾಗಿ ಬಂದು ವಿವರಣೆ ಕೊಡತಕ್ಕದ್ದು.

"ಯಾರದು ಕಾಗದ?" ಅಂದರು ಅತ್ತೆ.

"ಈ ಬಡಾವಣೆಯ ಪಟೇಲರು ಅಂತ ಇಟ್ಕೊಳ್ಳಿ."

"ಪಟೇಲರಾ? ಬರಿಗೈಯಲ್ಲಿ ಹೋಗಬೇಡಿ ಮತ್ತೆ. ನಾಲ್ಕು ರೊಟ್ಟಿ, ಒಂದಿಷ್ಟು ಹುಚ್ಚೆಳ್ಳು ಚಟ್ನಿ ಕಟ್ಟಿಕೊಡ್ತೀನಿ."

ವಿಚಾರಣೆ ಗುರುವಾರ ಸಂಜೆ. ಡಬ್ಬಿ ಈಗಾಗಲೇ ತೊಳೆದಿಟ್ಟಿದ್ದಾರೆ.