ಋಷಿಯ ಗಡ್ಡ ಮತ್ತು ಬ್ಲೂ-ರೇ

ಶೋಕೇಸಿನ ಡಿವಿಡಿಗಳನ್ನೆಲ್ಲ ಬ್ಲೂ-ರೇಗೆ ಬದಲಾಯಿಸಬೇಕೆಂಬುದು ಮಗನ ಹಟ. ಅವನ ಲೆಕ್ಕವೇನೋ ಸರಿಯೇ: ಡಿವಿಡಿಯ ಒಂದು ಪದರಕ್ಕೆ 4.7 ಜಿಬಿ, ಬ್ಲೂ-ರೇಗೆ 25. ಆದರೆ ನಾವು ವಿಸಿಡಿ ಕಾಲದವರು. ಒಂದು ತಟ್ಟೆಗೆ ಹೆಚ್ಚೆಂದರೆ 80 ನಿಮಿಷ. ಸಿನಿಮಾ ಒಂದು, ತಟ್ಟೆ ಎರಡೋ ಮೂರೋ. ನಾಯಕಿ ಅಳಲು ಬಾಯಿ ತೆರೆದಳೆನ್ನುವಾಗ ಸರಿಯಾಗಿ ತಟ್ಟೆ ಮುಗಿಯುತ್ತಿತ್ತು. ಮುಂದಿನದನ್ನು ಹುಡುಕಿ ಹಾಕುವಷ್ಟರಲ್ಲಿ ಅವಳ ಪಾಲಿನ ಕಣ್ಣೀರನ್ನೂ ಅಜ್ಜಿಯೇ ಸುರಿಸಿ ಮುಗಿಸಿರುತ್ತಿದ್ದರು. ಚಿತ್ರ ಚೌಕಚೌಕವಾಗಿ ಒಡೆದರೂ ಯಾರಿಗೂ ಬೇಸರವಿಲ್ಲ. ರಾಜ್‌ಕುಮಾರ್ ಮೂಗು ಯಾವ ಚೌಕದಲ್ಲಿದ್ದರೂ ಗುರುತು ಸಿಗುತ್ತದಲ್ಲ!

ಬದಲಾಯಿಸಿದ ಮೇಲಾದರೂ ನೆಮ್ಮದಿಯೇ? ಬ್ಲೂ-ರೇಗೆ ಎದುರಾಳಿಯಾಗಿದ್ದು 2008ರಲ್ಲಿ ತೋಷಿಬಾ ಕೈಬಿಟ್ಟ ಎಚ್‌ಡಿ ಡಿವಿಡಿಯನ್ನು ಕೊಂಡಿದ್ದವರನ್ನು ಕೇಳಿ. ಗೆದ್ದದ್ದು ಬ್ಲೂ-ರೇ, ನಿಜ. ಆಮೇಲೆ 4ಕೆ ಬ್ಲೂ-ರೇ ಬಂತು. ಹಳೆಯ ಪ್ಲೇಯರಿನಲ್ಲಿ ಅದು ಓಡದು. ಇಷ್ಟಕ್ಕೂ ನಮ್ಮ ಕಪ್ಪು-ಬಿಳುಪು ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ಪೌರಾಣಿಕಗಳನ್ನು ಅಷ್ಟು ಸ್ಪಷ್ಟವಾಗಿ ನೋಡಬಾರದು, ಋಷಿಯ ಗಡ್ಡಕ್ಕೆ ಹಚ್ಚಿದ ಗೋಂದು ಕಾಣುತ್ತದೆ.

ಮಗ ಕೊಳ್ಳಲಿ, ಬೇಡವೆನ್ನಲಾರೆ. ಹಳೆಯ ತಟ್ಟೆಗಳಿಗೆ ಹೆಂಡತಿ ಆಗಲೇ ಅರ್ಜಿ ಹಾಕಿದ್ದಾಳೆ: ಸೀಬೆ ಮರಕ್ಕೆ ತೂಗುಹಾಕಿ ಗಿಳಿ ಓಡಿಸಲು.